ಒಳನೋಟ: ಕತೆಗಾರರಿಗೆ ಮನುಷ್ಯರ ಮನಸ್ಸು ನಿಜವಾಗಿ ಗೊತ್ತಾ?

ಕಾದಂಬರಿಗಳ ವಿಮರ್ಶೆಯಲ್ಲಿ ಈ ಮಾತು ಎಷ್ಟು ಸಲ ಕಣ್ಣಿಗೆ ಬೀಳುತ್ತೆ ನೋಡಿ: ‘ಲೇಖಕರಿಗೆ ಮನುಷ್ಯ ಸ್ವಭಾವದ ಬಗ್ಗೆ ಆಳವಾದ ಒಳನೋಟವಿದೆ.’ ಅಷ್ಟು ಹೇಳಿ ಮುಂದಿನ ಪ್ಯಾರಾಕ್ಕೆ ಹೋಗಿಬಿಡುತ್ತಾರೆ. ಒಳನೋಟ ಅಂದರೆ ಇಲ್ಲಿ ಒಬ್ಬ ಏನು ಮಾಡಿದ ಅನ್ನೋದರ ಜೊತೆಗೆ ಯಾಕೆ ಮಾಡಿದ ಅನ್ನೋದನ್ನೂ ಕಾಣುವುದು, ಅದರಲ್ಲೂ ಅವನು ಬಾಯಿಬಿಟ್ಟು ಹೇಳುವ ಕಾರಣದ ಹಿಂದೆ ಏನಿದೆ ಅಂತ ಕಾಣುವುದು.

ಇಲ್ಲೊಂದು ತೊಡಕಿದೆ. ಪಾತ್ರವನ್ನು ಹುಟ್ಟಿಸಿದವನೇ ಲೇಖಕ. ‘ಅವಳು ಹೊಟ್ಟೆಕಿಚ್ಚಿಗೆ ಕಾಗದ ಹರಿದಳು’ ಅಂತ ಬರೆದರೆ ಮುಗಿಯಿತು, ಹೊಟ್ಟೆಕಿಚ್ಚೇ ಕಾರಣ. ‘ಅಲ್ಲಪ್ಪಾ, ನನಗೆ ಭಯ ಆಗಿತ್ತು’ ಅಂತ ಆ ಪಾತ್ರ ಎದ್ದು ಬಂದು ಹೇಳುವುದಿಲ್ಲ. ಹಾಗಾದರೆ ಲೇಖಕ ಸರಿಯಾಗಿ ಕಂಡಿದ್ದಾನೆ ಅಂತ ನಾವು ಯಾವ ಧೈರ್ಯದ ಮೇಲೆ ಹೇಳುತ್ತೇವೆ? ಓದುವಾಗ ‘ಹೌದು, ಹೀಗೇ ಆಗುತ್ತೆ’ ಅನಿಸಿತು ಅನ್ನೋದು ಸಾಲದು. ರಾಶಿಭವಿಷ್ಯ ಓದಿದರೂ ಹಾಗೇ ಅನಿಸುತ್ತೆ, ಅಲ್ವಾ?

ಸರಿ, ಪಾತ್ರಗಳ ಕತೆ ಬಿಡೋಣ. ನಮ್ಮದೇ ಕಾರಣ ನಮಗೆ ಗೊತ್ತಿರುತ್ತಾ? ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರ ಲೇಖನವೊಂದರಲ್ಲಿ ಒಂದು ಪ್ರಯೋಗ ವಿವರಿಸಿದ್ದರು. ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಅಂತ ಬಂದವರನ್ನು ಕೇಳಿದರು. ನಾಲ್ಕೂ ಒಂದೇ ಥರದವು, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೂ ತೀರಾ ಬಲಗಡೆ ಇದ್ದದ್ದನ್ನೇ ಜಾಸ್ತಿ ಜನ ಆರಿಸಿದರು. ಯಾಕೆ ಅಂತ ಕೇಳಿದರೆ ಇಟ್ಟ ಜಾಗದ ಮಾತನ್ನು ತಾವಾಗಿ ಯಾರೂ ಎತ್ತಲಿಲ್ಲ. ‘ಜಾಗದಿಂದ ಏನಾದರೂ ವ್ಯತ್ಯಾಸ ಆಗಿರಬಹುದಾ?’ ಅಂತ ನೇರವಾಗಿ ಕೇಳಿದಾಗಲೂ ಹೆಚ್ಚುಕಮ್ಮಿ ಎಲ್ಲರೂ ಇಲ್ಲ ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾರಣ ಕಾಣದೇ ಹೋದಾಗ ಮನಸ್ಸು ಒಪ್ಪುವಂಥದ್ದೊಂದನ್ನು ತಾನೇ ಕಟ್ಟಿಕೊಡುತ್ತೆ, ನಾವು ಅದನ್ನೇ ನಿಜ ಅಂತ ನಂಬುತ್ತೇವೆ.

ನನ್ನ ಪ್ರಕಾರ ಕತೆಗಾರರ ಒಳನೋಟಕ್ಕೆ ಬೆಲೆ ಬರುವುದು ಇಲ್ಲೇ. ‘ಇವನು ಇಂಥ ಕಾರಣಕ್ಕೇ ಹೀಗೆ ಮಾಡಿದ’ ಅಂತ ಒಂದೇ ಏಟಿಗೆ ತೀರ್ಪು ಕೊಡುವ ಲೇಖಕರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಾಲ್ಯದಲ್ಲಿ ಒಂದು ಪೆಟ್ಟು, ದೊಡ್ಡವನಾದ ಮೇಲೆ ಒಂದು ಕೊಲೆ, ಲೆಕ್ಕ ಸರಿಹೋಯಿತು! ಜೀವನ ಅಷ್ಟು ಸಲೀಸಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಕಾರಣ ಕಟ್ಟಿಕೊಳ್ಳುವ ಕೆಲಸವನ್ನೇ ಎದುರಿಗೆ ತಂದು ತೋರಿಸುವವರು ಬೇರೆ ಜಾತಿಯ ಲೇಖಕರು.

ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ 1866ರ ರಷ್ಯನ್ ಕಾದಂಬರಿ. ಅದರ ನಾಯಕ ರಸ್ಕೋಲ್ನಿಕೋವ್ ಬಡ್ಡಿ ವ್ಯಾಪಾರದ ಮುದುಕಿಯನ್ನು ಕೊಲ್ಲುತ್ತಾನೆ. ಆಮೇಲೆ ತನಗೆ ಆಪ್ತಳಾದ ಸೋನ್ಯಾ ಅನ್ನೋ ಹುಡುಗಿಯ ಮುಂದೆ ಒಪ್ಪಿಕೊಳ್ಳುವಾಗ ಕಾರಣದ ಮೇಲೆ ಕಾರಣ ಹೇಳುತ್ತಾ ಹೋಗುತ್ತಾನೆ. ದುಡ್ಡಿಗಾಗಿ ಅನ್ನುತ್ತಾನೆ, ನೆಪೋಲಿಯನ್ ಥರ ಆಗಬೇಕಿತ್ತು ಅನ್ನುತ್ತಾನೆ, ತಾಯಿಗೆ ಹೊರೆಯಾಗದೆ ಓದು ಮುಗಿಸಬೇಕಿತ್ತು ಅನ್ನುತ್ತಾನೆ, ಆಮೇಲೆ ಅದೆಲ್ಲವನ್ನೂ ತಾನೇ ತಳ್ಳಿಹಾಕಿ ತನಗೋಸ್ಕರ ಕೊಂದೆ ಅನ್ನುತ್ತಾನೆ. ಇತ್ತ ಕದ್ದ ಪರ್ಸು ಅಂಗಳವೊಂದರ ಕಲ್ಲಿನಡಿ ಬಿದ್ದಿದೆ. ಅದರಲ್ಲಿ ಎಷ್ಟಿದೆ ಅಂತ ಬಿಚ್ಚಿಯೂ ನೋಡದೆ ಅಲ್ಲಿ ಬಚ್ಚಿಟ್ಟು ಬಂದಿದ್ದಾನೆ. ದುಡ್ಡಿಗೆ ಕೊಂದವನು ಮಾಡುವ ಕೆಲಸವಾ ಇದು? ಅವನ ಮಾತಿಗೂ ಆ ಪರ್ಸಿಗೂ ತಾಳೆಯೇ ಆಗುವುದಿಲ್ಲ. ಕಾಲುಚೀಲದ ಪ್ರಯೋಗಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಒಬ್ಬ ಕಾದಂಬರಿಕಾರ ಅದೇ ಜಾಗಕ್ಕೆ ಕೈಹಾಕಿದ್ದ. ಆದರೆ ಅವನ ಕೈಯಲ್ಲಿದ್ದದ್ದು ಪುರಾವೆ ಅಲ್ಲ, ಒಳ್ಳೆಯ ಊಹೆ. ಈ ವ್ಯತ್ಯಾಸ ಮರೆತರೆ ಸುಮ್ನೆ ಸಾಹಿತ್ಯದ ಪೂಜೆ ಆಗುತ್ತೆ.

ಇಂಥ ಪುಸ್ತಕ ಓದಿದವರಿಗೂ ಒಳನೋಟ ಅಂಟಿಕೊಳ್ಳುತ್ತಾ? ಅದು ಬೇರೆಯೇ ಪ್ರಶ್ನೆ. ಸಾಹಿತ್ಯಿಕ ಕತೆಯ ಒಂದು ತುಣುಕು ಓದಿದ ಕೂಡಲೇ, ಬರೀ ಕಣ್ಣುಗಳ ಫೋಟೋ ನೋಡಿ ಭಾವನೆ ಗುರುತಿಸುವ ಪರೀಕ್ಷೆಯಲ್ಲಿ ಜನ ಚೂರು ಚೆನ್ನಾಗಿ ಮಾಡುತ್ತಾರೆ ಅಂತ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಧ್ಯಯನವೊಂದು ಬಂದಿತ್ತು. ದೊಡ್ಡ ಸುದ್ದಿಯೂ ಆಯಿತು. ಬೇರೆಯವರು ಇನ್ನೂ ಜಾಸ್ತಿ ಜನರನ್ನು ಸೇರಿಸಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಕಾದಂಬರಿಗಳನ್ನು ರಾಶಿ ರಾಶಿ ಓದಿಯೂ ಪಕ್ಕದಲ್ಲಿ ಕೂತವರ ಮನಸ್ಸು ತಿಳಿಯದ ಜನ ಬೇಕಾದಷ್ಟಿದ್ದಾರೆ, ಅವರಲ್ಲಿ ಕೆಲವರು ಕಾದಂಬರಿಗಳನ್ನೂ ಬರೆದಿದ್ದಾರೆ.