ಒಬ್ಬಳು ಹೆಂಗಸು, ಎರಡು ಕಾಲಂ

ಈ ಪಾಠ ಇಂಟರ್‌ಸೆಕ್ಷನಾಲಿಟಿಯದ್ದು, ಅಂದರೆ ಜಾತಿ, ಲಿಂಗ, ಬಣ್ಣದಂಥ ಕಾರಣಗಳು ಒಬ್ಬರ ಮೇಲೇ ಕೂಡಿ ಬಂದಾಗ ಆಗುವ ತಾರತಮ್ಯದ್ದು. ಇದನ್ನು ವ್ಯಾಖ್ಯೆಯಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಎರಡು ದಿನ ಕಳೆದೆ, ತಲೆಗೆ ಏನೂ ಹತ್ತಲಿಲ್ಲ. ಕಾರು ಕಂಪನಿ ಜನರಲ್ ಮೋಟರ್ಸ್ ಮೇಲಿನ ಕೇಸಿನಿಂದ ಶುರು ಮಾಡಿ.

ಜಾಗ ಅಮೆರಿಕದ ಸೇಂಟ್ ಲೂಯಿಸ್. ಮಾರುಕಟ್ಟೆ ಬಿದ್ದಿತ್ತು, ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸುತ್ತಿತ್ತು. ಯಾರನ್ನು ಕಳಿಸಬೇಕು ಅನ್ನುವುದಕ್ಕೆ ಇದ್ದದ್ದು ಒಂದೇ ಲೆಕ್ಕ, ಸೀನಿಯಾರಿಟಿ: ಕೊನೆಗೆ ಸೇರಿದವರು ಮೊದಲು ಹೊರಗೆ. ನೋಡೋಕೆ ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಇದೇ ಕಂಪನಿ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಆ ಪಟ್ಟಿಯ ತಳದಲ್ಲಿ ಇದ್ದವರು ಅವರೇ, 1970ರ ನಂತರ ಸೇರಿದ ಕಪ್ಪು ಹೆಂಗಸರೆಲ್ಲ ಕೆಲಸ ಕಳೆದುಕೊಂಡರು. ಐದು ಜನ ಕೋರ್ಟಿಗೆ ಹೋದರು. 1976ರಲ್ಲಿ ತೀರ್ಪು ಬಂತು, ಡಿಗ್ರಾಫೆನ್‌ರೀಡ್ ಕೇಸ್ ಅಂತ ಹೆಸರು.

ಕೋರ್ಟ್ ಯೋಚಿಸಿದ ರೀತಿ ನೋಡಿ. ಹೆಂಗಸರು ಅಂತ ತಾರತಮ್ಯ ಆಯಿತಾ? ಇಲ್ಲ, ಕಂಪನಿ 1964ಕ್ಕೆ ಮೊದಲೇ ಹೆಂಗಸರನ್ನು ತೆಗೆದುಕೊಂಡಿದೆ (ಅವರೆಲ್ಲ ಬಿಳಿಯರು, ಆ ಮಾತು ಬೇರೆ). ಬಣ್ಣ ನೋಡಿ ಆಯಿತಾ? ಅದಕ್ಕೆ ಇದೇ ಕಂಪನಿಯ ಮೇಲೆ ಇನ್ನೊಂದು ಕೇಸ್ ನಡೀತಿದೆ, ಅದರ ಜೊತೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಕೇಳಬಹುದಾ? ಆಗಲ್ಲ, ತಾರತಮ್ಯ ತಡೆಯುವ ಕಾನೂನು ಮಾಡಿದವರು ಕಪ್ಪು ಹೆಂಗಸರು ಅಂತ ಬೇರೆಯೇ ಒಂದು ವರ್ಗ ಇಟ್ಟುಕೊಂಡಿರಲಿಲ್ಲ.

ಈ ಕೇಸ್ ಸೋತದ್ದು ಹೋಲಿಕೆಯ ಜಾಗದಲ್ಲಿ. ತಾರತಮ್ಯ ಅಂದ ಕೂಡಲೇ ಕೋರ್ಟ್ ಕೇಳುವ ಮೊದಲ ಪ್ರಶ್ನೆ ‘ಯಾರಿಗಿಂತ ಕಡೆಯಾಗಿ ನಡೆಸಿಕೊಂಡರು?’ ಎಂದು. ಲಿಂಗದ ಕಾಲಮ್ಮಿನಲ್ಲಿ ಬಿಳಿ ಹೆಂಗಸರು ಎದ್ದು ನಿಂತು ಕಂಪನಿಯನ್ನು ಕಾಪಾಡುತ್ತಾರೆ, ಬಣ್ಣದ ಕಾಲಮ್ಮಿನಲ್ಲಿ ಕಪ್ಪು ಗಂಡಸರು. ಎರಡು ಕಾಲಮ್ಮಿನಲ್ಲೂ ಇರುವವಳಿಗೆ ಮಾತ್ರ ಹೋಲಿಸಿಕೊಳ್ಳೋಕೆ ಯಾರೂ ಇಲ್ಲ.

ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಕೇಸನ್ನೇ ಹಿಡಿದು ಇಂಟರ್‌ಸೆಕ್ಷನಾಲಿಟಿ ಅನ್ನುವ ಪದ ತಂದರು. ರಸ್ತೆಗಳು ಕೂಡುವ ಸರ್ಕಲ್ ನೆನಪಿಸಿಕೊಳ್ಳಿ: ಎರಡೂ ಕಡೆಯಿಂದ ಗಾಡಿ ಬರುತ್ತವೆ, ನಡುವೆ ನಿಂತವರಿಗೆ ಗುದ್ದಿದ್ದು ಯಾವ ರಸ್ತೆಯ ಗಾಡಿ ಅಂತ ಹೇಳೋದು ಕಷ್ಟ. ಒಂದು ತಪ್ಪು ತಿಳಿವಳಿಕೆ ಬೇಡ. ಇದು ಜಾತಿ ಒಂದು ಮಾರ್ಕು, ಲಿಂಗ ಒಂದು ಮಾರ್ಕು, ಕೂಡಿಸಿದರೆ ಎರಡು ಅನ್ನುವ ಲೆಕ್ಕ ಅಲ್ಲ. ಎರಡೂ ಸೇರಿದಾಗ ಹುಟ್ಟುವ ತೊಂದರೆಯೇ ಬೇರೆ, ಬಿಡಿಸಿ ನೋಡಿದರೆ ಅದು ಕಾಣೋದೇ ಇಲ್ಲ.

ಡಿಗ್ರಾಫೆನ್‌ರೀಡ್ ತೀರ್ಪು ಬಂದ ಮೇಲೆ ಕೋರ್ಟುಗಳಲ್ಲಿ, ಕಾಯ್ದೆಗಳಲ್ಲಿ ದಾರಿ ಸ್ವಲ್ಪ ತೆರೆಯಿತು. 1980ರ ಜೆಫ್ರೀಸ್ ಕೇಸಿನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಕಪ್ಪು ಹೆಂಗಸರ ದೂರನ್ನು ಹಾಗೇ ಇಡಿಯಾಗಿ ಕೇಳಬಹುದು ಎಂದಿತು. ಬ್ರಿಟನ್ ಕಥೆ ಇನ್ನೂ ತಮಾಷೆ: 2010ರ ಸಮಾನತೆ ಕಾಯ್ದೆಯ 14ನೇ ಸೆಕ್ಷನ್ ಎರಡು ಕಾರಣಗಳನ್ನು ಕೂಡಿಸಲು ಬಿಡುತ್ತದೆ, ಎರಡೇ, ಮೂರನೆಯದು ಇಲ್ಲ, ಅದನ್ನೂ ಜಾರಿಗೆ ತರಲೇ ಇಲ್ಲ. ಕೆನಡಾ 1998ರಲ್ಲೇ ‘ಒಂದು ಅಥವಾ ಹೆಚ್ಚು ಕಾರಣಗಳು, ಇಲ್ಲವೇ ಅವು ಕೂಡಿದ ಪರಿಣಾಮ’ ಎಂಬ ಅರ್ಥದ ಮಾತನ್ನು ಕಾಯ್ದೆಗೇ ಸೇರಿಸಿತು.

ಈಗ ನಮ್ಮ ದೇಶ. ಸಂವಿಧಾನದ 15(1)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಆಧಾರದಿಂದ ‘ಮಾತ್ರ’ ತಾರತಮ್ಯ ಮಾಡಬಾರದು ಎನ್ನುತ್ತದೆ. ಈ ‘ಮಾತ್ರ’ದ ಕೆಳಗೆ ಗೆರೆ ಎಳೆದುಕೊಳ್ಳಿ. 1981ರ ನರ್ಗೇಶ್ ಮಿರ್ಜಾ ಕೇಸಿನಲ್ಲಿ ಏರ್ ಇಂಡಿಯಾದ ಗಗನಸಖಿಯರ ನಿಯಮಗಳನ್ನು ನೋಡುವಾಗ ಸುಪ್ರೀಂ ಕೋರ್ಟ್, ಬರೀ ಲಿಂಗವೊಂದೇ ಅಲ್ಲ, ಜೊತೆಗೆ ಬೇರೆ ಸಂಗತಿಗಳೂ ಇದ್ದರೆ ಈ ವಿಧಿ ಅಡ್ಡ ಬರುವುದಿಲ್ಲ ಎಂದುಬಿಟ್ಟಿತು. (ಮೊದಲ ಬಸಿರಿಗೇ ಕೆಲಸ ಹೋಗುವ ನಿಯಮವನ್ನು ರದ್ದು ಮಾಡಿದ್ದೂ ಇದೇ ತೀರ್ಪು, ಅದನ್ನು ಮರೆಯಬೇಡಿ.) ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ನವತೇಜ್ ಜೋಹರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಈ ಓದನ್ನು ಒಪ್ಪಲಿಲ್ಲ. ಬದುಕಿನಲ್ಲಿ ಯಾವ ಕಾರಣ ತಾನೇ ಒಂಟಿಯಾಗಿ ಬರುತ್ತದೆ?

ಮುಖ್ಯ ಕೇಸ್ ಪಟಾನ್ ಜಮಾಲ್ ವಲಿ, 2021. ನಿಧಾನವಾಗಿ ಓದಿ, ಇಲ್ಲಿ ಎಲ್ಲರೂ ಎಡವುತ್ತಾರೆ. ಆಂಧ್ರಪ್ರದೇಶದ ಪರಿಶಿಷ್ಟ ಜಾತಿಯ ಯುವತಿ, ಹುಟ್ಟಿನಿಂದ ದೃಷ್ಟಿ ಇಲ್ಲ. ಅವಳ ಅಣ್ಣಂದಿರ ಪರಿಚಯದವನೇ ಅತ್ಯಾಚಾರ ಮಾಡಿದ. ಅವಳು ಅವನನ್ನು ದನಿಯಿಂದಲೇ ಗುರುತಿಸಿದಳು. ಜಾತಿ, ಲಿಂಗ, ಅಂಗವಿಕಲತೆ ಮೂರೂ ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂದು ಸುಪ್ರೀಂ ಕೋರ್ಟ್ ಬಹಳ ಚೆನ್ನಾಗಿ ಬರೆಯಿತು, ಅಂಗವಿಕಲರ ಸಾಕ್ಷ್ಯವನ್ನು ಕಡೆಗಣಿಸಬಾರದು ಎಂದೂ ಹೇಳಿತು. ಅತ್ಯಾಚಾರದ ಶಿಕ್ಷೆ, ಅಂದರೆ ಜೀವಾವಧಿ, ಹಾಗೇ ಉಳಿಯಿತು. ಆದರೆ ಅಟ್ರಾಸಿಟಿ ಕಾಯ್ದೆಯ ಶಿಕ್ಷೆ ರದ್ದಾಯಿತು!

ಯಾಕೆ? ಘಟನೆ ನಡೆದದ್ದು 2011ರಲ್ಲಿ. ಆಗ ಆ ಕಾಯ್ದೆಯ 3(2)(v) ಸೆಕ್ಷನ್‌ನಲ್ಲಿ, ಪರಿಶಿಷ್ಟ ಜಾತಿಯವರು ‘ಎಂಬ ಕಾರಣಕ್ಕೆ’ ಅಪರಾಧ ಮಾಡಿರಬೇಕು ಎಂದಿತ್ತು. ಜಾತಿಯೊಂದೇ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಎಂದು ಕೋರ್ಟ್ ಒಪ್ಪಿತು. ಆದರೆ ಆ ‘ಒಂದು’ ಇತ್ತು ಎಂಬುದಕ್ಕೆ ಪ್ರಾಸಿಕ್ಯೂಷನ್ ಬೇರೆ ಸಾಕ್ಷ್ಯ ತಂದಿರಲಿಲ್ಲ. ಅಂದರೆ ತತ್ವ ಗೆದ್ದಿತು, ಪುರಾವೆಯಲ್ಲಿ ಸೋತಿತು. ನನಗೆ ಇದು ಇವತ್ತಿಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ: ಮೂರೂ ಬಿಡಿಸಲಾಗದ ಹಾಗೆ ಹೆಣೆದಿವೆ ಎಂದು ಹೇಳಿದ ಮೇಲೆ, ಅದರಲ್ಲಿ ಜಾತಿಯ ಎಳೆಯನ್ನು ಮಾತ್ರ ಬೇರೆ ತೆಗೆದು ತೋರಿಸಿ ಅಂದರೆ ಯಾರು ಎಲ್ಲಿಂದ ತೋರಿಸಬೇಕು?

2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಆ ಮಾತನ್ನೇ ಬದಲಿಸಿದೆ. ಈಗ ಪರಿಶಿಷ್ಟ ಜಾತಿಯವರು ಎಂದು ‘ತಿಳಿದೂ’ ಮಾಡಿದರೆ ಸಾಕು. ಆರೋಪಿಗೆ ಆಕೆಯ ಅಥವಾ ಮನೆಯವರ ಪರಿಚಯ ಇದ್ದರೆ ಜಾತಿ ಗೊತ್ತಿತ್ತು ಎಂದೇ ಕೋರ್ಟ್ ಭಾವಿಸಬೇಕು, ಇಲ್ಲ ಅನ್ನುವುದನ್ನು ಅವನೇ ಸಾಬೀತು ಮಾಡಬೇಕು. ಇದೇ ಘಟನೆ 2016ರ ನಂತರ ನಡೆದಿದ್ದರೆ ಫಲಿತಾಂಶ ಬೇರೆ ಇರುತ್ತಿತ್ತು ಎಂದು ನನ್ನ ಲೆಕ್ಕ.

ಮೀಸಲಾತಿಯಲ್ಲೂ ಇದೇ ಗಂಟು ಬರುತ್ತದೆ, ಅದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪು ಲಿಂಗತ್ವ ಅಲ್ಪಸಂಖ್ಯಾತರನ್ನು ಹಿಂದುಳಿದ ವರ್ಗವೆಂದು ನೋಡಿ ಮೀಸಲಾತಿ ಕೊಡಿ ಎಂದಿತು. ಅದನ್ನು ಹಾಗೇ ಜಾರಿ ಮಾಡಿದರೆ ದಲಿತ ಟ್ರಾನ್ಸ್ ಮಹಿಳೆಯೊಬ್ಬರು ಏನು ಮಾಡಬೇಕು, ಎಸ್‌ಸಿ ಕಾಲಂ ತುಂಬಬೇಕಾ, ಹಿಂದುಳಿದ ವರ್ಗದ್ದಾ? ಒಂದನ್ನು ಬಿಡಲೇಬೇಕು. ಕರ್ನಾಟಕ 2021ರಲ್ಲಿ ನೇಮಕಾತಿ ನಿಯಮ ತಿದ್ದಿ ಶೇ 1 ಸಮತಲ ಮೀಸಲಾತಿ ಕೊಟ್ಟಿತು, ಅಂದರೆ ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಪ್ರತಿ ಗುಂಪಿನ ಒಳಗೂ ಶೇ 1. ಆಗ ಯಾವ ಕಾಲಮ್ಮನ್ನೂ ಬಿಡಬೇಕಾಗಿಲ್ಲ.

ಸಮತಲ ಅನ್ನುವ ಪದ ಇನ್ನೂ ಗೊಂದಲವಾಗಿದ್ದರೆ 2020ರ ಸೌರವ್ ಯಾದವ್ ತೀರ್ಪಿನ ಲೆಕ್ಕ ನೋಡಿ. ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯಲ್ಲಿ ಸಾಮಾನ್ಯ ವರ್ಗದ ಮಹಿಳೆಯರಲ್ಲಿ ಕೊನೆಗೆ ಆಯ್ಕೆಯಾದವರಿಗೆ ಸುಮಾರು 274 ಅಂಕ, 276 ಬಂದ ಹಿಂದುಳಿದ ವರ್ಗದ ಮಹಿಳೆಗೆ ಕೆಲಸ ಇಲ್ಲ. ನೀವು ನಿಮ್ಮ ಜಾತಿಯ ಕಾಲಮ್ಮಿನವರು, ಈ ಮಹಿಳಾ ಸೀಟು ನಿಮ್ಮದಲ್ಲ ಎಂಬುದು ಸರ್ಕಾರದ ವಾದ. ಓಪನ್ ಅಂದರೆ ಎಲ್ಲರಿಗೂ ಓಪನ್ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸೇಂಟ್ ಲೂಯಿಸ್‌ನ ಆ ಐದು ಜನಕ್ಕೆ ಸಿಕ್ಕಿದ್ದೂ ಆ ಸರ್ಕಾರದ ವಾದದಂಥ ಉತ್ತರವೇ ಅಲ್ವಾ, ನಿಮ್ಮ ಸಾಲು ಇದಲ್ಲ, ಪಕ್ಕದ್ದು.