ಹಳೆ ಕಾರು ಎಕ್ಸ್‌ಚೇಂಜ್‌ಗೆ ಕೊಡಲೋ, ಹೊರಗೆ ಮಾರಲೋ?

ಪ್ರಶ್ನೆ: ನನ್ನ ಹತ್ತಿರ 2014ರ ವ್ಯಾಗನ್ ಆರ್ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲೇ ಸ್ವಲ್ಪ ದೊಡ್ಡ ಕಾರು ನೋಡುತ್ತಿದ್ದೇನೆ. ಒಂದು ಕಡೆ ನನ್ನ ಕಾರಿಗೆ 2.40 ಲಕ್ಷ ಕೊಡುತ್ತೇವೆ ಅಂದರು. ಇನ್ನೊಂದು ಕಡೆ 2.05ರ ಮೇಲೆ ಏರಲೇ ಇಲ್ಲ. ಮೊದಲನೆಯವರ ಹತ್ತಿರ ಎಕ್ಸ್‌ಚೇಂಜ್ ಮಾಡಿಬಿಡಲೋ, ಹೊರಗೆ ಮಾರಿ ಕ್ಯಾಶ್ ಕೊಟ್ಟು ತೆಗೆದುಕೊಳ್ಳಲೋ?
(ಕುಮಟಾದಿಂದ ಒಬ್ಬ ಓದುಗರು)

ಉತ್ತರ: ಊರು ಬದಲಾಗುತ್ತದೆ, ಕಾರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಅಂಕೋಲಾದವರೂ ಇದನ್ನೇ ಕೇಳಿದ್ದಾರೆ, ಯಲ್ಲಾಪುರದವರೂ ಇದನ್ನೇ ಕೇಳಿದ್ದಾರೆ. ಪ್ರತಿ ಸಲ ನಾನು ತಿರುಗಿ ಕೇಳುವುದೂ ಒಂದೇ: "ಆ ದೊಡ್ಡ ಕಾರಿಗೆ ಎಷ್ಟು ಹೇಳಿದರು?" ಆಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ತಮ್ಮ ಕಾರಿಗೆ ಯಾರು ಎಷ್ಟು ಕೊಡುತ್ತಾರೆ ಅನ್ನುವುದು ಸಾವಿರದ ಲೆಕ್ಕದಲ್ಲಿ ಬಾಯಿಪಾಠ ಇರುತ್ತದೆ. ಕೊಳ್ಳುವ ಕಾರಿನ ಬೆಲೆ ಮಾತ್ರ "ಐದು, ಐದೂವರೆ ಇರಬೇಕು".

ಈ ಓದುಗರಿಂದಲೂ ಅದನ್ನು ಕೇಳಿ ಬರೆಸಿಕೊಂಡೆ. 2.40 ಕೊಡುತ್ತೇವೆ ಅಂದವರು ತಮ್ಮ ಕಾರಿಗೆ ಹೇಳಿದ್ದು 5.60. ಅಂದರೆ ಇವರು ಮೇಲೆ ಹಾಕಬೇಕಾದ ದುಡ್ಡು 3.20. 2.05 ಅಂದವರ ಹತ್ತಿರ ಅದೇ ಮಾಡೆಲ್, ಅದೇ ವರ್ಷದ ಕಾರು, ಬೆಲೆ 5.20. ಅಲ್ಲಿ ಮೇಲೆ ಹಾಕಬೇಕಾದ್ದು 3.15. ಯಾರನ್ನು ಇವರು "ಬಿಗಿ ಮನುಷ್ಯ" ಎಂದು ಬಿಟ್ಟು ಬಂದಿದ್ದರೋ, ಅವರಲ್ಲಿ ಐದು ಸಾವಿರ ಕಡಿಮೆ.

ಜಾಸ್ತಿ ಕೊಟ್ಟವನೇ ಒಳ್ಳೆಯ ವ್ಯಾಪಾರಿ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಗಟ್ಟಿಯಾಗಿ ಯಾಕೆ ಕೂತಿದೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಡಿಕೆ ಮಾರುವ ಊರು ನಮ್ಮದು. ಮನೆ ಬಾಗಿಲಿಗೆ ಬಂದವನು ಚಾಲಿಗೆ ಪೇಟೆ ರೇಟಿನ ಮೇಲೆ ಕ್ವಿಂಟಾಲಿಗೆ ಐನೂರು ಜಾಸ್ತಿ ಅಂದರೆ ಶಿರಸಿ ಸೀಮೆಯ ಯಾವ ಬೆಳೆಗಾರನೂ ತಕ್ಷಣ ಚೀಲ ಹೊರಗೆ ತರುವುದಿಲ್ಲ. ತಕ್ಕಡಿ ಯಾರದ್ದು, ಕಡಿಮೆ ದರ್ಜೆಯ ಬಿಳಿಗೋಟು, ಕೋಕ ಎಂದು ಎಷ್ಟು ಬೇರೆ ತೆಗೆಯುತ್ತಾನೆ, ಕೊನೆಗೆ ಕೈಗೆ ಬರುವುದೆಷ್ಟು ಎಂದು ಕೇಳಿಯೇ ಕೇಳುತ್ತಾನೆ. ಅದೇ ಮನುಷ್ಯ ಹಳೆ ಕಾರು ಮಾರುವ ಯಾರ್ಡಿಗೆ ಹೋದರೆ ಈ ಬುದ್ಧಿಯನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತಾನೆ.

ಎಕ್ಸ್‌ಚೇಂಜ್‌ನಲ್ಲಿ ಎರಡೂ ಬೆಲೆ ಬರೆಯುವುದು ಒಬ್ಬರೇ. ನಿಮ್ಮ ಕಾರಿನ ಬೆಲೆಯೂ ಅವರ ಕೈಯಲ್ಲಿ, ಅವರ ಕಾರಿನ ಬೆಲೆಯೂ ಅವರ ಕೈಯಲ್ಲಿ. ಒಂದನ್ನು ಮೂವತ್ತೈದು ಸಾವಿರ ಏರಿಸಿ ಇನ್ನೊಂದನ್ನೂ ಅಷ್ಟೇ ಏರಿಸಿದರೆ ಅವರಿಗೆ ನಷ್ಟವಿಲ್ಲ, ನಿಮಗೆ ಲಾಭವಿಲ್ಲ. ನಿಮಗೆ ಸಿಗುವುದು ಮದುವೆ ಮನೆ ಊಟದ ಪಂಕ್ತಿಯಲ್ಲಿ "ನನ್ನ ಹಳೆ ಗಾಡಿಗೆ ಎರಡು ನಲವತ್ತು ಬಂತು" ಎಂದು ಹೇಳುವ ಸಂತೋಷ ಮಾತ್ರ.

"ಆದರೆ ಅವರ ಕಾರಿನ ಬೆಲೆ ಗಾಜಿನ ಮೇಲೆ ಬರೆದು ಅಂಟಿಸಿದ್ದಾರಲ್ಲ, ನನಗಾಗಿ ಏರಿಸಿದ್ದಲ್ಲವಲ್ಲ" ಎಂದು ವಾದಿಸುವವರಿದ್ದಾರೆ. ಸರಿ, ಆ ಚೀಟಿ ಎಲ್ಲರಿಗೂ ಒಂದೇ. ಆದರೆ ಅದರಲ್ಲಿ ಚೌಕಾಶಿಗೆಂದು ಬಿಟ್ಟ ಜಾಗ ಇರುತ್ತದೆ. ಎಕ್ಸ್‌ಚೇಂಜ್ ಇಲ್ಲದೆ ಬಂದವರಿಗೆ ಆ ಜಾಗದಿಂದ ಬೆಲೆ ಇಳಿಸುತ್ತಾರೆ. ಎಕ್ಸ್‌ಚೇಂಜ್ ತಂದವರಿಗೆ ಅದೇ ಜಾಗದಿಂದ ದುಡ್ಡು ತೆಗೆದು ಅವರ ಕಾರಿನ ಬೆಲೆಗೆ ಸೇರಿಸುತ್ತಾರೆ. ಯಾರ್ಡಿನವರು ಕ್ಯಾಶ್ ರೇಟು, ಎಕ್ಸ್‌ಚೇಂಜ್ ರೇಟು ಎಂದು ಎರಡು ಹೇಳುವುದರ ಒಳಗುಟ್ಟು ಇಷ್ಟೇ.

2019ರಲ್ಲಿ ನನ್ನ ಭಾವನ ಜೊತೆ ಹುಬ್ಬಳ್ಳಿಯ ಒಂದು ಯಾರ್ಡಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಅವನಿಗೆ ಹೇಳಿದ್ದು ಒಂದೇ ಮಾತು: ಹಳೆ ಕಾರಿನ ಸುದ್ದಿ ಎತ್ತಬೇಡ. ನಮ್ಮ ಗಾಡಿಯನ್ನು ರಸ್ತೆಯ ಆಚೆ ನಿಲ್ಲಿಸಿ ನಡೆದೇ ಒಳಗೆ ಹೋದೆವು. ಕಾರು ನೋಡಿ, ಓಡಿಸಿ, ಚಹಾ ಕುಡಿದು ಕೊನೆಯ ಬೆಲೆ ಕೇಳಿದೆವು. ಡೀಸೆಲ್ ಬಿಲ್ಲಿನ ಹಿಂದೆ ನಾನು ಅದನ್ನು ಬರೆದುಕೊಂಡೆ. ಆಮೇಲೆ ಭಾವ "ನಮ್ಮದೊಂದು ಕಾರಿದೆ" ಅಂದ. ಅವರು ಬಂದು ನೋಡಿ, ಬಾನೆಟ್ ಎತ್ತಿ, ಒಳ್ಳೆಯ ಬೆಲೆಯನ್ನೇ ಹೇಳಿದರು. ಹೇಳಿದ ಕೂಡಲೇ ಹೊಸದೊಂದು ಲೆಕ್ಕ ಶುರುವಾಯಿತು, ಅದರಲ್ಲಿ ಅರ್ಧ ಗಂಟೆ ಹಿಂದಿನ ಕೊನೆಯ ಬೆಲೆ ಇರಲೇ ಇಲ್ಲ, ಗಾಜಿನ ಮೇಲಿನ ಬೆಲೆ ಮರಳಿ ಬಂದಿತ್ತು. ನಾನು ಬಿಲ್ಲು ತಿರುಗಿಸಿ ಮೇಜಿನ ಮೇಲಿಟ್ಟೆ. ಯಾರೂ ಜಗಳ ಮಾಡಲಿಲ್ಲ. ಅವರು ನಕ್ಕು ಮೊದಲಿನ ಬೆಲೆಗೆ ಬಂದರು, ಭಾವನ ಕಾರಿನ ಬೆಲೆ ಅಷ್ಟೇ ಇಳಿಯಿತು.

ಕುಮಟಾದ ಓದುಗರಿಗೂ ಇದನ್ನೇ ಮಾಡಿಸಿದೆ. ಅವರ ಅಳಿಯ ಮೊದಲನೆಯ ಯಾರ್ಡಿಗೆ ಬೇರೆಯಾಗಿ ಹೋಗಿ, ಎಕ್ಸ್‌ಚೇಂಜ್ ಇಲ್ಲ ಎಂದು ಕೇಳಿದ. 5.60ರ ಕಾರು 5.25ಕ್ಕೆ ಇಳಿಯಿತು. ಎಕ್ಸ್‌ಚೇಂಜ್ ಮಾಡಿದರೆ ಮೇಲೆ 3.20. 5.25ರಲ್ಲಿ 3.20 ಕಳೆಯಿರಿ: ಅವರ ವ್ಯಾಗನ್ ಆರ್‌ಗೆ ನಿಜವಾಗಿ ಸಿಗುತ್ತಿದ್ದದ್ದು 2.05. ಇಬ್ಬರು ವ್ಯಾಪಾರಿಗಳೂ ಅವರ ಕಾರಿಗೆ ಕಟ್ಟಿದ ಬೆಲೆ ಒಂದೇ. ಒಬ್ಬರು ನೇರವಾಗಿ ಹೇಳಿದ್ದರು.

ಈಗ ಹೊರಗೆ ಮಾರುವ ಮಾತು. ಅದೇ ಕಾರಿಗೆ ಊರಿನಲ್ಲೇ ಒಬ್ಬರು 2.25 ಕೊಡಲು ಸಿದ್ಧರಿದ್ದಾರಂತೆ. ಹಾಗೆ ಮಾರಿ ಎರಡನೆಯವರ 5.20ರ ಕಾರು ತೆಗೆದುಕೊಂಡರೆ ಕೈಯಿಂದ ಹೋಗುವುದು 2.95. ಎಕ್ಸ್‌ಚೇಂಜ್‌ಗಿಂತ ಇಪ್ಪತ್ತು ಸಾವಿರ ಉಳಿತಾಯ. ಈ ಇಪ್ಪತ್ತು ಸಾವಿರಕ್ಕಾಗಿ ಯಾರ್ಡಿನವರನ್ನು ಬೈಯಬೇಡಿ. ನಿಮ್ಮ ಕಾರಿನ ಟಯರು, ಪಾಲಿಶ್, ಸಣ್ಣಪುಟ್ಟ ರಿಪೇರಿ ಅವರ ತಲೆಯ ಮೇಲೆ. ಅದು ಮಾರಾಟವಾಗುವ ತನಕ ಅವರ ದುಡ್ಡು ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ನೋಂದಾಯಿತ ಡೀಲರ್ ಆದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು. ಮೊದಲು ಸಣ್ಣ ಕಾರುಗಳಿಗೆ ಶೇ. 12 ಇತ್ತು, 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ ಎಲ್ಲಕ್ಕೂ 18 ಎಂದಾಯಿತು. ನಿಮ್ಮ ಮನೆಯ ಕಾರನ್ನು ನೀವು ಪಕ್ಕದ ಮನೆಯವರಿಗೆ ಮಾರಿದರೆ ಈ ತೆರಿಗೆ ಇಲ್ಲ.

ಕರಾವಳಿಯ ಕಾರಾದರೆ ಇನ್ನೊಂದು ವಿಷಯ ಇದೆ. ಉಪ್ಪುಗಾಳಿಯಲ್ಲಿ ನಿಂತ ಗಾಡಿ ಮೇಲಿನಿಂದ ಹೊಳೆಯುತ್ತಿದ್ದರೂ ಅಡಿಯಿಂದ ಸವೆಯುತ್ತದೆ. ಜಾಕ್ ಕೊಡುವ ಜಾಗದಲ್ಲಿ, ಬಾಗಿಲ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆಯಂತೆ ಉಬ್ಬಿರುತ್ತದೆ. ಉಗುರಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತದೆ. ಯಾರ್ಡಿನವರು ಮೊದಲು ಕೈ ಹಾಕುವುದೇ ಅಲ್ಲಿಗೆ, ಬೆಲೆ ಮುರಿಯುವುದೂ ಅಲ್ಲಿಂದಲೇ. ತೋರಿಸುವ ಮುಂಚೆ ನೀವೇ ಟಾರ್ಚ್ ಹಿಡಿದು ಒಮ್ಮೆ ಬಗ್ಗಿ ನೋಡಿಕೊಳ್ಳಿ. ಕೊಳ್ಳುವ ಕಾರು ಘಟ್ಟದ ಮೇಲಿನದ್ದಾದರೆ ಅಡಿ ಚೆನ್ನಾಗಿರಬಹುದು. ಅದರಲ್ಲಿ ಕ್ಲಚ್ಚು, ಬ್ರೇಕು ನೋಡಿ. ದೇವಿಮನೆ ಘಟ್ಟ ದಿನಾ ಹತ್ತಿಳಿದ ಗಾಡಿಯ ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟರೆ ಗೊತ್ತಾಗಿಬಿಡುತ್ತದೆ.

ಕ್ಯಾಶ್ ಎಂಬ ಮಾತಿನ ಬಗ್ಗೆಯೂ ಒಂದು ಗೊಂದಲ ಬಿಡಿಸಬೇಕು. ಯಾರ್ಡಿನಲ್ಲಿ ಕ್ಯಾಶ್ ರೇಟು ಅಂದರೆ ಎಕ್ಸ್‌ಚೇಂಜ್ ಇಲ್ಲ, ಸಾಲ ಇಲ್ಲ, ಪೂರ್ತಿ ದುಡ್ಡು ಒಂದೇ ಸಲ ಎಂದರ್ಥ. ನೋಟಿನ ಕಟ್ಟು ತನ್ನಿ ಎಂದಲ್ಲ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2017ರ ಏಪ್ರಿಲ್ 1ರಿಂದಲೇ ಬಂದಿದೆ. ಮುರಿದರೆ ಪಡೆದಷ್ಟೇ ದಂಡ, ಅದೂ ಪಡೆದವರಿಗೆ. ಅಂದರೆ ಆ 2.25 ಲಕ್ಷವನ್ನು ನೋಟಿನಲ್ಲಿ ತೆಗೆದುಕೊಂಡರೆ ಸಿಕ್ಕಿಬೀಳುವುದು ಮಾರಿದ ನೀವು. ಇವತ್ತು ಒಂದು ಲಕ್ಷ, ನಾಳೆ ಉಳಿದದ್ದು ಎಂದು ತುಂಡು ಮಾಡಿದರೂ ವ್ಯವಹಾರ ಒಂದೇ. ಬ್ಯಾಂಕಿನಲ್ಲೇ ಹಾಕಿಸಿಕೊಳ್ಳಿ.

ಎಕ್ಸ್‌ಚೇಂಜೇ ಸರಿ ಅನ್ನುವ ಸಂದರ್ಭಗಳೂ ಇವೆ. ಕಾರಿಗೆ ಹದಿನೈದು ವರ್ಷ ಆಗುತ್ತಾ ಬಂದಿದ್ದರೆ, ನೋಂದಣಿ ನವೀಕರಣದ ಖರ್ಚು, ಫಿಟ್‌ನೆಸ್ ಓಡಾಟ ನೋಡಿ ಹೊರಗಿನವರು ಹಿಂದೆ ಸರಿಯುತ್ತಾರೆ. ಸಾಲ ಇನ್ನೂ ಬಾಕಿ ಇದ್ದರೂ ಅಷ್ಟೆ. ಇಂಥ ಗಾಡಿಯನ್ನು ಯಾರ್ಡಿಗೆ ಬಿಟ್ಟು ಬನ್ನಿ.

ಹೇಗೆ ಕೊಟ್ಟರೂ ಆರ್‌ಸಿ (ಕಾರಿನ ನೋಂದಣಿ ಪತ್ರ) ಮಾತ್ರ ಮರೆಯಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ದಾಟಿದ್ದರೂ ಅಪಘಾತದ ಹೊಣೆಗೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು. ಖಾಸಗಿಯಾಗಿ ಮಾರಿದರೆ ಮಾಲೀಕತ್ವ ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಸುಮ್ಮನಾಗದೆ ಆರ್‌ಟಿಒಗೆ 14 ದಿನದೊಳಗೆ ತಿಳಿಸಬೇಕು. ಯಾರ್ಡಿಗೆ ಕೊಟ್ಟರೆ, 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರ್‌ಗಳಿಗೆ ಕಾರು ತಮ್ಮ ಕೈಗೆ ಬಂತೆಂದು ತಿಳಿಸುವ ಫಾರ್ಮ್ 29ಸಿ ಇದೆ. ಅದು ಆನ್‌ಲೈನ್‌ನಲ್ಲಿ ದಾಖಲಾದರೆ ಅಲ್ಲಿಂದ ಹೊಣೆ ಡೀಲರ್‌ದು. ಅದರ ಪ್ರತಿ ಕೈಗೆ ಬರುವ ತನಕ ಕೀ ಕೊಡಬೇಡಿ.

ಆ ಪ್ರತಿ ಇನ್ನೊಂದಕ್ಕೂ ಬೇಕು. ಇದನ್ನು ಓದುಗರು ಕೇಳಿಲ್ಲ, ಯಾರೂ ಕೇಳುವುದಿಲ್ಲ, ಆದ್ದರಿಂದಲೇ ಹೇಳುತ್ತಿದ್ದೇನೆ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದೆ ಓಡಿಸಿದವರಿಗೆ ಅದು ಶೇ. 50ರ ತನಕ ಏರಿರುತ್ತದೆ. ಹಳೆ ಕಾರು ಕೈಬಿಟ್ಟ ದಾಖಲೆ ಕೊಟ್ಟು ಇನ್ಶೂರೆನ್ಸ್ ಕಂಪನಿಯಿಂದ ಬೋನಸ್ ಉಳಿಸಿಕೊಳ್ಳುವ ಪತ್ರ ಪಡೆಯಿರಿ, ಮೂರು ವರ್ಷ ನಡೆಯುತ್ತದೆ. ಮುಂದಿನ ಕಾರಿನ ಪ್ರೀಮಿಯಂನಲ್ಲಿ ಥರ್ಡ್ ಪಾರ್ಟಿ ಭಾಗ ಬಿಟ್ಟು ಉಳಿದದ್ದರ ಮೇಲೆ ಈ ರಿಯಾಯಿತಿ. ಹಾಗೆ ಉಳಿದ ಭಾಗ ಒಂಬತ್ತು ಸಾವಿರ, ಬೋನಸ್ ಶೇ. 50 ಇದ್ದರೆ ನಾಲ್ಕೂವರೆ ಸಾವಿರ ಉಳಿಯಿತು. ಎಕ್ಸ್‌ಚೇಂಜ್‌ನಲ್ಲಿ ಕಾರಿನ ಜೊತೆ ಪಾಲಿಸಿಯನ್ನೂ ಕೊಟ್ಟು ಬರುವವರು ಇದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಕೊಂಡವರಿಗೂ ಅದು ದಕ್ಕುವುದಿಲ್ಲ, ಪಾಲಿಸಿ ಅವರ ಹೆಸರಿಗೆ ಆಗುವಾಗ ಕಂಪನಿ ಅಷ್ಟು ದುಡ್ಡನ್ನು ಅವರಿಂದ ವಸೂಲು ಮಾಡುತ್ತದೆ. ಕುಮಟಾದ ಓದುಗರ ಬೋನಸ್ ಶೇ. 45 ಇದೆ, ಪತ್ರಕ್ಕೆ ಅರ್ಜಿ ಹಾಕಲು ಹೇಳಿದ್ದೇನೆ.