ಗಿಡದ ಹೆಸರಿನೊಳಗೊಂದು ಉಗ್ರಾಣ

ಸಸ್ಯದ ವೈಜ್ಞಾನಿಕ ಹೆಸರಿನಲ್ಲಿ ‘ಅಫಿಸಿನಾಲಿಸ್’ ಕಂಡ ಕೂಡಲೇ ‘ಔಷಧಿ ಗಿಡ’ ಎಂದು ಷರಾ ಬರೆದುಬಿಡುವವರಿದ್ದಾರೆ. ಪೂರ್ತಿ ತಪ್ಪೇನಲ್ಲ. ಆದರೆ ಆ ಪದದಲ್ಲಿರುವುದು ಗಿಡದ ಗುಣವಲ್ಲ, ಅದು ಸಿಗುತ್ತಿದ್ದ ಜಾಗ.

ಲ್ಯಾಟಿನ್ನಿನ ‘ಅಫಿಸಿನಾ’ ಎಂದರೆ ಮೂಲದಲ್ಲಿ ಕೆಲಸದ ಮನೆ; ನಮ್ಮ ‘ಆಫೀಸು’ ಅದರ ದಾಯಾದಿ. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತ ಮಠಗಳ ಮೂಲಿಕೆ ಉಗ್ರಾಣಕ್ಕೂ, ಆಮೇಲೆ ಮದ್ದಿನಂಗಡಿಗೂ ಆ ಹೆಸರು ಅಂಟಿತು. ಅಲ್ಲಿ ದಾಸ್ತಾನಿರುತ್ತಿದ್ದ ಸರಕೇ ‘ಅಫಿಸಿನಾಲಿಸ್’. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಈ ಪದವನ್ನು ಸಾಲ್ವಿಯಾ, ಮೆಲಿಸ್ಸಾ, ವಲೇರಿಯಾನಾ ಮುಂತಾದ ಹಲವು ಕುಲಗಳಲ್ಲಿ (ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು) ಧಾರಾಳವಾಗಿ ಬಳಸಿದ. 1758ರಲ್ಲಿ ಸೆಪಿಯಾ ಎಂಬ ಕಡಲಜೀವಿಗೂ ಹಚ್ಚಿದ. ಅದರ ಒಳಚಿಪ್ಪೂ ಮದ್ದಿನಂಗಡಿಯ ಸರಕೇ.

ಬರೆಯುವವರು ಎಡವುವುದು ಪದದ ಬಾಲದಲ್ಲಿ. ಕುಲನಾಮ ಪುಲ್ಲಿಂಗವೋ ಸ್ತ್ರೀಲಿಂಗವೋ ಆದರೆ ‘ಅಫಿಸಿನಾಲಿಸ್’, ನಪುಂಸಕವಾದರೆ ‘ಅಫಿಸಿನಾಲೆ’. ಹಾಗಾಗಿ ಶುಂಠಿ ‘ಜಿಂಜಿಬರ್ ಅಫಿಸಿನಾಲೆ’. ‘ಜಿಂಜಿಬರ್ ಅಫಿಸಿನಾಲಿಸ್’ ಎಂಬ ಫಲಕ ತಪ್ಪು. ಕಬ್ಬಿನ ‘ಸ್ಯಾಕರಮ್ ಅಫಿಸಿನಾರಮ್’ ನೋಡಿ: ಇಲ್ಲಿ ಎರಡನೆಯ ಪದ ವಿಶೇಷಣವೇ ಅಲ್ಲ, ಷಷ್ಠೀ ಬಹುವಚನ, ‘ಮದ್ದಿನಂಗಡಿಗಳ’ ಎಂದರ್ಥ. ಯುರೋಪಿನಲ್ಲಿ ಸಕ್ಕರೆಯೂ ಒಂದು ಕಾಲಕ್ಕೆ ಅಲ್ಲೇ ಸಿಗುತ್ತಿತ್ತು. ಈ ರೂಪ ಕುಲದ ಲಿಂಗಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಎರಡು ಪದಗಳಿಗೂ ‘ಅಮ್’ ಪ್ರಾಸ ಕೂಡಿದ್ದು ಬರೀ ಕಾಕತಾಳೀಯ.

ಗಿಡ ಕುಲ ಬದಲಿಸಿದಾಗಲೂ ಪೇಚಾಟ ಉಂಟು. ರೋಸ್‌ಮರಿ ಮೊದಲು ‘ರೋಸ್ಮರಿನಸ್ ಅಫಿಸಿನಾಲಿಸ್’ ಆಗಿತ್ತು. ಸಾಲ್ವಿಯಾ ಕುಲಕ್ಕೆ ಸೇರಿಸಹೊರಟರೆ ಅಲ್ಲಿ ಆ ಪದವನ್ನು ಸೇಜ್ ಗಿಡ ಆಗಲೇ ಹಿಡಿದು ಕೂತಿತ್ತು. ಒಂದೇ ಕುಲದಲ್ಲಿ ಎರಡು ಪ್ರಭೇದಗಳಿಗೆ ಒಂದೇ ಹೆಸರು ಸಲ್ಲದು, ಹಾಗಾಗಿ ಅದು ‘ಸಾಲ್ವಿಯಾ ರೋಸ್ಮರಿನಸ್’ ಆಯಿತು. ಹಳೆಯ ಪುಸ್ತಕಗಳಲ್ಲಿ ಬೆಟ್ಟದ ನೆಲ್ಲಿಗಿರುವ ‘ಎಂಬ್ಲಿಕಾ ಅಫಿಸಿನಾಲಿಸ್’ ಕೂಡ ಈಗ ಪರ್ಯಾಯನಾಮ ಮಾತ್ರ. ಲಿನ್ನೇಯಸ್ 1753ರಲ್ಲೇ ಕೊಟ್ಟಿದ್ದ ‘ಫಿಲಾಂತಸ್ ಎಂಬ್ಲಿಕಾ’ ಇಂದು ಚಾಲ್ತಿಯಲ್ಲಿದೆ. ಎರಡು ಹೆಸರು ಕಂಡು ಎರಡು ಮರಗಳೆಂದು ಎಣಿಸಬೇಡಿ.

ಇನ್ನೊಂದು ಮಾತು: ಯಾವ ಭಾಗ, ಎಷ್ಟು ಪ್ರಮಾಣ ಎಂಬುದಕ್ಕೆ ಈ ಪದದಲ್ಲಿ ಸುಳಿವೇ ಇಲ್ಲ. ಶುಂಠಿಯಲ್ಲಿ ಗಡ್ಡೆ, ವಲೇರಿಯಾನಾದಲ್ಲಿ ಬೇರು, ಸಾಲ್ವಿಯಾದಲ್ಲಿ ಎಲೆ. ಫಲಕದಲ್ಲಿ ಭಾಗವನ್ನು ಬೇರೆಯಾಗಿಯೇ ಬರೆಯಬೇಕು.